ಹವಾಲ್ದಾರರ ಜೋಡೆಳೆ ಕಾಲುಚೀಲ

ಬೀದಿಗೆ ಒಂದೇ ರೇಡಿಯೋ ಇದ್ದ ಕಾಲ. ಅರವತ್ತೆರಡರ ಚಳಿಗಾಲದಲ್ಲಿ ವಿದ್ಯಾರಣ್ಯಪುರಂನ ಮಾಜಿ ಸೈನಿಕರ ಸಂಘದೊಳಗೆ ಇಸ್ಪೀಟಿನ ಗಲಾಟೆ ನಿಂತು ಹೆಣಿಗೆ ಕಡ್ಡಿಗಳ ಸದ್ದು ಶುರುವಾಯಿತು. ಗಡಿಯಲ್ಲಿ ಚೀನಾದೊಡನೆ ಯುದ್ಧ. ಹಿಮದಲ್ಲಿ ನಿಂತವರಿಗೆ ಉಣ್ಣೆಯ ಕಾಲುಚೀಲ ಕಳಿಸೋಣವೆಂದು ಹೊರಟವರು ನಿವೃತ್ತ ಹವಾಲ್ದಾರ್ ಸಿದ್ದಮಲ್ಲಪ್ಪ. ಮಹಾಯುದ್ಧದಲ್ಲಿ ತೊಡೆ ಮುರಿದು ಈಜಿಪ್ಟಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಹೊತ್ತು ಹೋಗಲೆಂದು ದಾದಿಯೊಬ್ಬಳು ಅವರಿಗೆ ಹೆಣಿಗೆ ಕಲಿಸಿದ್ದಳು. ಗಂಡಸು ಹೆಣೆಯುವ ಚಂದ ನೋಡಲು ಬಂದ ಹೆಂಗಸರು ನಗುತ್ತಲೇ ಕಡ್ಡಿ ಹಿಡಿದು ಕೂತುಬಿಟ್ಟರು. ಮದುವೆಯಾದಾಗಿನಿಂದ ತನಗೊಂದು ಶಾಲು ಹೆಣೆದುಕೊಟ್ಟಿಲ್ಲವೆಂದು ಮಡದಿ ಗಿರಿಜಾಂಬಾ ಎಲ್ಲರೆದುರು ಹಂಗಿಸಿದ್ದೂ ಉಂಟು.

ದಪ್ಪವಾದಷ್ಟೂ ಬೆಚ್ಚಗೆ ಎಂಬುದು ಹವಾಲ್ದಾರರ ಸಿದ್ಧಾಂತ. ಎರಡೆಳೆ ಸೇರಿಸಿ ಹೆಣೆಸಿದರು. ತಮ್ಮ ಬರಿಗಾಲಿಗೇ ತೊಟ್ಟು ಅಳತೆ ನೋಡಿದರು. ಇಡೀ ಬೀದಿ ಚಪ್ಪಲಿಯಲ್ಲಿ ಓಡಾಡುತ್ತಿತ್ತು. ಒಂದು ಬೂಟು ತಂದು, ಅದರೊಳಗೆ ಹಿಡಿಸುತ್ತದೆಯೇ ಎಂದು ನೋಡಬೇಕೆಂದು ಯಾರಿಗೂ ತೋಚಲಿಲ್ಲ.

ಬೇಸಿಗೆಗೆ ಎದುರುಮನೆ ಬೆಟ್ಟಮ್ಮನ ಮಗ ಮರಿಸ್ವಾಮಿ ಸೈನ್ಯದಿಂದ ರಜೆಯ ಮೇಲೆ ಬಂದ. ಕುಂಟುತ್ತಿದ್ದ, ಹಿಮಕ್ಕೆ ಎಡಗಾಲಿನ ಬೆರಳುಗಳು ಹೋಗಿದ್ದವು. ಬೂಟು ಬಿಗಿಯಾದರೆ ರಕ್ತ ಓಡುವುದಿಲ್ಲ, ಚಳಿ ಮೊದಲು ಹಿಡಿಯುವುದು ಅಂಥ ಕಾಲನ್ನೇ ಎಂದು ಡಾಕ್ಟರು ಹೇಳಿದರಂತೆ. ಬೆಟ್ಟಮ್ಮ ಮಾತಿನ ನಡುವೆ ಅದನ್ನು ಹೇಳಿಹೋದಳು. ಸಿದ್ದಮಲ್ಲಪ್ಪನವರು ಕುಡಿಯುತ್ತಿದ್ದ ಕಾಫಿಯನ್ನು ಕೆಳಗಿಟ್ಟರು. ಸಂಘದ ಪಾರ್ಸೆಲ್ಲು ಹೋಗಿದ್ದು ಮರಿಸ್ವಾಮಿಯ ಪಲ್ಟನ್ನಿಗೇ. ಎದುರುಮನೆಯವರ ಕಣ್ಣಿಗೆ ಬೀಳಬಾರದೆಂದು ಎಷ್ಟೋ ದಿನ ಹಿತ್ತಿಲ ಬಾಗಿಲಿನಿಂದಲೇ ಓಡಾಡಿದರು.

"ತಪ್ಪಾಗಿದ್ರೆ ಆಗಿದೆ ಕಣ್ರೀ. ಕೇಳದೆ ಇದ್ರೆ ಹೋದ ಬೆರಳು ಬಂದ್ಬುಡುತ್ತಾ?" ಎಂದರು ಗಿರಿಜಾಂಬಾ.

ಕೊನೆಗೊಂದು ದಿನ ಸಿದ್ದಮಲ್ಲಪ್ಪನವರು ಬೀದಿ ದಾಟಿ ಎದುರುಮನೆಗೆ ಹೋದರು. ಜಗಲಿಯಲ್ಲಿದ್ದ ಮರಿಸ್ವಾಮಿ ಎದ್ದು ಸೆಲ್ಯೂಟ್ ಹೊಡೆದ. ಇವರು ಕೂರದೆ ಕೇಳಿದರು: "ನಮ್ಮ ಕಾಲುಚೀಲ ಹಾಕ್ಕೊಂಡೇನಪ್ಪ, ಬೆರಳು ಹೋಗಿದ್ದು?"

"ಅದ್ನ ಹಾಕ್ಕೊಂಡ್ರೆ ಬೂಟೊಳಕ್ಕೆ ಕಾಲೇ ಓಗ್ತಿರ್ಲಿಲ್ಲ ಹವಾಲ್ದಾರ್ರೇ. ಎಲ್ರೂ ಕೈಗೆ ಹಾಕ್ಕೊಂಡ್ಬುಟ್ಟೊ." ಮರಿಸ್ವಾಮಿ ಎರಡೂ ಕೈ ಚಾಚಿದ. "ನೋಡಿ, ಕೈಯ ಅತ್ತು ಬೆರಳೂ ಅವೆ. ಬಂದೂಕು ಹಿಡಿಯಕ್ಕೆ ಮಾತ್ರ ತೊಡಕಾಯ್ತು. ಹೆಬ್ಬೆಟ್ಟಿಗೆ ಜಾಗ ಇಲ್ವಲ್ಲ."

ಅದು ನಿಜವೋ, ಹಿರಿಯರ ಮನಸ್ಸು ನೋಯದಿರಲೆಂದು ಕಟ್ಟಿದ ಮಾತೋ, ಪರೀಕ್ಷಿಸುವ ದಾರಿ ಇರಲಿಲ್ಲ. ಸಿದ್ದಮಲ್ಲಪ್ಪನವರು ಹುಡುಕಲೂ ಇಲ್ಲ. ಚಾಚಿದ ಆ ಕೈಗಳನ್ನು ಹಿಡಿದುಕೊಂಡರು. ಮರುದಿನ ಸಂಘದಲ್ಲಿ ಉಳಿದ ಉಣ್ಣೆ ತೆಗೆದು, ಹೆಂಗಸರ ನಡುವೆ ಕೂತು, ಕೈಗವಸಿಗೆ ಹೆಬ್ಬೆರಳು ಹೆಣೆಯುವುದನ್ನು ಕಲಿಯತೊಡಗಿದರು. ತಪ್ಪಿದಾಗಲೆಲ್ಲ ಬಿಚ್ಚಿದರು, ಮತ್ತೆ ಹೆಣೆದರು. ಅಳತೆಗೆ ಮರಿಸ್ವಾಮಿ ಪಕ್ಕದಲ್ಲೇ ಕೈ ನೀಡಿಕೊಂಡು ಕೂತಿದ್ದ.