ಎಬ್ಬಿಸೋ ಅಕ್ಕನ ಐದು ಕಿಟಕಿಗಳು

ಎಬ್ಬಿಸೋ ಅಕ್ಕನಿಗೆ ಹೋದ ತಿಂಗಳ ಸಂಬಳ ಇನ್ನೂ ಕೊಟ್ಟಿಲ್ಲ. ಗುತ್ತಿಗೆದಾರನನ್ನು ಕೇಳಿದರೆ ಸಂಸ್ಥೆ ತಡೆಹಿಡಿದಿದೆ ಅನ್ನುತ್ತಾನೆ. ಸಂಸ್ಥೆಯನ್ನು ಕೇಳಿದರೆ ಗುತ್ತಿಗೆದಾರನ ಕಡೆ ಕೈ ತೋರಿಸುತ್ತದೆ. ವಿಚಾರಣೆ ಮುಗಿಯೋವರೆಗೂ ಹೀಗೇ ಅಂತೆ. ಆ ವಿಚಾರಣೆಯೋ, ಶುರುವಾದ ದಿನವೇ ಮಗ್ಗುಲು ಬದಲಿಸಿ ಮಲಗಿದೆ.

ಅವಳ ಕೆಲಸ ಏನು ಅಂತ ಮನೆಯವರಿಗೇ ಪೂರ್ತಿ ಗೊತ್ತಿಲ್ಲ. ಸಂಶೋಧನಾ ಸಂಸ್ಥೆಯ ನೆಲಮಾಳಿಗೆಯಲ್ಲಿ ಗಾಳಿಯಾಡದ ಒಂದು ಕೋಣೆ, ಒಂದು ಕಾಲು ಕುಂಟುವ ಕುರ್ಚಿ, ಗಾಜಿನ ಆಚೆ ಐದು ಸರ್ವರ್. ಮೇಲಿನ ಮಹಡಿಗಳ ವಿದ್ಯಾರ್ಥಿಗಳು ಬ್ರೌಸರಿನಲ್ಲಿ ಒಂದು ಪುಟ ತೆರೆದು ಅಲ್ಲಿ ಲೆಕ್ಕ ಬರೆಯುತ್ತಾರೆ. ಅದಕ್ಕೆ ನೋಟ್‌ಬುಕ್ ಅನ್ನುತ್ತಾರೆ. ಆ ಲೆಕ್ಕಕ್ಕೆ ಮೈ ಬಗ್ಗಿಸುವುದು ಕೆಳಗಿನ ಸರ್ವರ್. ಬರೆದವರು ಎದ್ದು ಮನೆಗೆ ಹೋದರೂ ನೋಟ್‌ಬುಕ್ ಮಾತ್ರ ಸರ್ವರಿನ ಮೆಮೊರಿಯಲ್ಲಿ ಜಾಗ ಹಿಡಿದು ಕೂತೇ ಇರುತ್ತದೆ, ಊಟ ಮುಗಿದರೂ ತಟ್ಟೆ ಬಿಟ್ಟು ಏಳದ ನೆಂಟನ ಹಾಗೆ. ಯಾವುದು ದುಡಿಯುತ್ತಿದೆ, ಯಾವುದು ಸುಮ್ಮನೆ ಕೂತಿದೆ ಅಂತ ನೋಡಬೇಕು. ಸುಮ್ಮನಿದ್ದುದರ ಯಜಮಾನರಿಗೆ ಫೋನ್ ಮಾಡಿ, ಕೇಳಿ, ಅದನ್ನು ಮುಚ್ಚಿ ಜಾಗದಿಂದ ಎಬ್ಬಿಸಬೇಕು. ಹೆಸರು ಬಂದದ್ದು ಹಾಗೆ.

ಯಂತ್ರಗಳಿಗೆ ಹೆಸರಿಟ್ಟವಳು ಅವಳೇ. ಸದಾ ಗುರ್ರೆನ್ನುವುದು ಗೊಣಗಪ್ಪ. ತೀರಾ ಹಳೆಯದು ಅಜ್ಜ. ಎಲ್ಲಕ್ಕಿಂತ ಗಟ್ಟಿಯಾದದ್ದು ಹೊಸ ಸೊಸೆ, ಮನೆಮಂದಿಯೆಲ್ಲ ಅದರ ತಲೆ ಮೇಲೇ ಕೆಲಸ ಹೇರುತ್ತಾರೆ ಅಂತ. ಉಳಿದೆರಡು ತಂಟೆ ಮಾಡುತ್ತಿರಲಿಲ್ಲ, ಹಾಗಾಗಿ ಅವಕ್ಕೆ ಹೆಸರೂ ಇಲ್ಲ.

ಗೋಳು ಇರುವುದು ಇಲ್ಲಿ. ಐದು ಸರ್ವರಿಗೆ ಪರದೆಯ ಮೇಲೆ ಐದು ಬೇರೆ ಕಿಟಕಿ, ಐದು ಪಾಸ್‌ವರ್ಡ್. ನಾಲ್ಕನೆಯದನ್ನು ತೆರೆಯುವಷ್ಟರಲ್ಲಿ ಮೊದಲನೆಯದು ಅವಳನ್ನೇ ಹೊರಗೆ ದಬ್ಬಿರುತ್ತದೆ. ತಿರುಗಿ ಒಳಗೆ ಹೋದರೆ ಅಲ್ಲಿನ ಪಟ್ಟಿಯೇ ಬೇರೆ. ಐದು ಕೋಣೆಯಲ್ಲಿ ಐದು ಒಲೆ ಹಚ್ಚಿ, ಎಲ್ಲದರ ಮೇಲೂ ಹಾಲಿಟ್ಟು, ಉಕ್ಕಿದರೆ ನಿನ್ನ ತಲೆ ತೆಗೀತೀವಿ ಅಂದ ಹಾಗೆ. ಎಲ್ಲವೂ ಒಂದೇ ಪುಟದಲ್ಲಿ ಕಾಣುವಂತೆ ಮಾಡಿಕೊಡಿ ಅಂತ ಸಂಸ್ಥೆಯವರನ್ನು ಬೇಡಿದಳು, ಮೆಟ್ಟಿಲ ಮೇಲೆ ಅಡ್ಡ ನಿಂತು ಕೇಳಿದಳು. ನೋಡೋಣ ಅಂದರು. ನೋಡುತ್ತಲೇ ಇದ್ದಾರೆ.

ವಿದ್ಯಾರ್ಥಿಗಳೇನು ಸಾಚಾಗಳಲ್ಲ. ಬಸ್ಸಿನ ಸೀಟಿಗೆ ಟವೆಲ್ ಎಸೆದು ಜಾಗ ಹಿಡಿಯುವ ಹಾಗೆ, ಸುಮ್ಮನೆ ಗಿರಕಿ ಹೊಡೆಯುವ ಎರಡು ಸಾಲು ಕೋಡ್ ಬರೆದಿಟ್ಟು ಹೋಗುತ್ತಾರೆ. ಪಟ್ಟಿಯಲ್ಲಿ ನೋಟ್‌ಬುಕ್ ದುಡಿಯುತ್ತಿರುವಂತೆ ತೋರುತ್ತದೆ. ಅದನ್ನು ಅವರೂ ಟವೆಲ್ ಅಂತಲೇ ಕರೆಯುತ್ತಾರೆ. ನೋಟ್‌ಬುಕ್ಕಿಗೆ ಹೆಸರಿಡುವ ಪುಣ್ಯಾತ್ಮರಂತೂ ಇಲ್ಲ. ಒಂದೊಂದು ಯಂತ್ರವೂ ಒಂದರಿಂದ ಎಣಿಸಿ ತಾನಾಗಿ ಕೊಡುವ ‘ಹೆಸರಿಲ್ಲದ್ದು-೧’, ‘ಹೆಸರಿಲ್ಲದ್ದು-೨’ ಇವೇ ಗತಿ. ಮೂರನೇ ಮಹಡಿಯಲ್ಲಿ ಎಲ್ಲರಿಗೂ ಸೇರಿ ಒಂದೇ ಖಾತೆ, ಅದರ ಪಾಸ್‌ವರ್ಡ್ ಗೋಡೆಗೆ ಅಂಟಿಸಿದೆ. ಅಲ್ಲಿ ಯಾವುದು ಯಾರದು ಅಂತ ಬರೆದವರಿಗೇ ಗೊತ್ತಿರುವುದಿಲ್ಲ.

ಮನೆಯಲ್ಲಿ ಅತ್ತೆ ಅಣಕಿಸುತ್ತಿದ್ದರು: ದಿನವಿಡೀ ಊರವರ ದೀಪ ಆರಿಸ್ತೀಯ, ನಮ್ಮನೆ ಬಚ್ಚಲ ದೀಪ ಆರಿಸೋಕೆ ನಿನಗೆ ನೆನಪಿರಲ್ಲ. ಗಂಡ ಹೊಲಿಗೆ ಯಂತ್ರದ ಮುಂದೆ ತಲೆ ಬಗ್ಗಿಸಿ ನಗುತ್ತಿದ್ದ. ಈಗ ಆ ಮನೆ ನಡೆಯುವುದು ಅವನ ಹೊಲಿಗೆಯಲ್ಲೇ. ಅತ್ತೆ ಅಣಕಿಸುವುದನ್ನೂ ಬಿಟ್ಟಿದ್ದಾರೆ, ಅದೇ ಅವಳಿಗೆ ಹೆಚ್ಚು ಚುಚ್ಚುತ್ತದೆ.

ಈ ವಿಚಾರಣೆಗೆ ಕಾರಣವಾದ ಆ ಮಧ್ಯಾಹ್ನ ಸಂಸ್ಥೆಯ ಮುಖ್ಯಸ್ಥರೇ ನೆಲಮಾಳಿಗೆಗೆ ಇಳಿದು ಬಂದರು. ಅತಿಥಿಗಳಿಗೆ ಏನೋ ತೋರಿಸಬೇಕು, ಹೊಸ ಸೊಸೆಯ ಮೇಲೆ ಜಾಗವೇ ಇಲ್ಲ, ಈಗಲೇ ಖಾಲಿ ಮಾಡಿಸು ಅಂದರು. ಅವಳ ಕುರ್ಚಿಯ ಹಿಂದೆಯೇ ನಿಂತು ಜೇಬಿನಲ್ಲಿ ಬೀಗದ ಕೈ ಗೊಂಚಲು ಆಡಿಸತೊಡಗಿದರು. ಪಟ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಜಾಗ ಹಿಡಿದದ್ದು ಮೂರನೇ ಮಹಡಿಯ ಹೆಸರಿಲ್ಲದ್ದು-೩. ಸುಮ್ಮನೆ ಕೂತಿತ್ತು. ಅವಳು ಮಹಡಿಗೆ ಫೋನ್ ಮಾಡಿದಳು. ಎತ್ತಿದವನು ಒಬ್ಬ ಹುಡುಗ.

“ನಿಮ್ಮ ಹೆಸರಿಲ್ಲದ್ದು ಮೂರು ಇದೆಯಲ್ಲಪ್ಪ, ಯಾರ್ದು?”

“ನಂದೇ ಅಕ್ಕ. ಟವೆಲ್ಲು. ತೆಗೆದುಬಿಡಿ, ಬೈಬೇಡಿ.”

ಯಾವ ಯಂತ್ರದ ಮೇಲಿನದು ಅಂತ ಅವಳು ಕೇಳಲಿಲ್ಲ. ಬೆನ್ನ ಹಿಂದೆ ಬೀಗದ ಕೈ ಸದ್ದು. ಕೇಳಬೇಕಿತ್ತು, ಅದನ್ನು ಅವಳೂ ಒಪ್ಪುತ್ತಾಳೆ. ಹೊಸ ಸೊಸೆಯ ಮೇಲಿದ್ದುದನ್ನು ಮುಚ್ಚಿದಳು.

ಊಟ ಮುಗಿಸಿಕೊಂಡು ಬಂದ ಮೂರನೇ ಮಹಡಿಯ ವಿದ್ಯಾರ್ಥಿನಿಯೊಬ್ಬಳು ಸೀದಾ ಕೆಳಗಿಳಿದು ಬಂದಳು. ವಾರಗಟ್ಟಲೆ ಓಡಿದ ಲೆಕ್ಕ ಆ ಬೆಳಿಗ್ಗೆಯಷ್ಟೇ ಮುಗಿದಿತ್ತು. ಉಣ್ಣಲು ಹೋಗಿದ್ದಳು, ಬಂದು ಫೈಲಿನಲ್ಲಿ ಉಳಿಸಿಕೊಳ್ಳೋಣ ಅಂತ. ಫಲಿತಾಂಶವೆಲ್ಲ ಮೆಮೊರಿಯಲ್ಲಿತ್ತು, ಮೆಮೊರಿ ಖಾಲಿಯಾಗಿತ್ತು. ಕೂಗಾಡಲಿಲ್ಲ. “ಅಕ್ಕ, ಅದು ನಂದು” ಅಂದಳು, ಅಷ್ಟೇ.

ಎಬ್ಬಿಸೋ ಅಕ್ಕ ಒಂದೊಂದೇ ಕಿಟಕಿ ತೆರೆದು ಹುಡುಕಿದಳು. ಅಜ್ಜನ ಪಟ್ಟಿಯಲ್ಲಿ ಸಿಕ್ಕಿತು ಇನ್ನೊಂದು ಹೆಸರಿಲ್ಲದ್ದು-೩, ಅದೇ ಖಾತೆಯದು, ಆರಾಮಾಗಿ ಗಿರಕಿ ಹೊಡೆಯುತ್ತಿತ್ತು. ಆ ಹುಡುಗ ಹೇಳಿದ್ದು ಇದನ್ನು. ಎರಡೂ ಒಂದೇ ಪುಟದಲ್ಲಿ ಕಂಡಿದ್ದರೆ, ಯಾವುದಪ್ಪಾ ಅಂತ ಅವಳ ಬಾಯಿಂದ ತಾನಾಗಿ ಬರುತ್ತಿತ್ತು.

ವಿಚಾರಣೆಗೆ ಮೂವರು ಕೂತರು. ತನಗೆ ಫೋನೇ ಬಂದಿಲ್ಲ ಅಂದ ಹುಡುಗ. ಅಜ್ಜನ ಮೇಲಿದ್ದ ಟವೆಲ್ ಅಷ್ಟರಲ್ಲಿ ಮಾಯವಾಗಿತ್ತು. ಹೆಸರಿಡದೆ ಕೆಲಸ ಮಾಡುತ್ತೀರಾ, ಟವೆಲ್ ಹಾಕುತ್ತೀರಾ ಅಂತ ಕೇಳಿದ್ದಕ್ಕೆ ಮೂರನೇ ಮಹಡಿ ಪೂರ್ತಿ ಇಲ್ಲ ಅಂತ ತಲೆಯಾಡಿಸಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಮುಖ್ಯಸ್ಥರಿಗೆ ತಾವು ಅವಸರ ಮಾಡಿದ್ದು ನೆನಪೇ ಇಲ್ಲ. ನಿಜ ಹೇಳಿದವಳು ಲೆಕ್ಕ ಕಳಕೊಂಡ ಆ ಹುಡುಗಿಯೊಬ್ಬಳೇ.

“ಮುಚ್ಚಿದ್ದು ಅಕ್ಕ. ಆದ್ರೆ ನಾನೂ ಹೆಸರಿಟ್ಟಿರಲಿಲ್ಲ ಸರ್. ಇಲ್ಲಿ ಯಾರೂ ಇಡಲ್ಲ.”

ವರದಿಯಲ್ಲಿ ಬರೆದುಕೊಂಡದ್ದು ಮೊದಲ ಮಾತನ್ನು ಮಾತ್ರ.

ಸೋಮವಾರ ವಿಚಾರಣೆ ಮತ್ತೆ ಕೂರುತ್ತದೆ. ಅವಳ ಸಂಬಳ ಮಾತ್ರವಲ್ಲ, ಕೆಲಸವನ್ನೂ ಅವತ್ತೇ ತೀರ್ಮಾನಿಸುತ್ತಾರಂತೆ. ಆಹಾ ಪಾಪ ಅನ್ನಲಿ ಅಂತ ಇದನ್ನು ಬರೆದಿಲ್ಲ. ಪಾಪ ಅಂದರೆ ಅಂಗಡಿಯಲ್ಲಿ ಅಕ್ಕಿ ಕೊಡುವುದಿಲ್ಲ. ಮೇಲಿನ ಮಹಡಿಗಳಲ್ಲಿ ಕೂತು ಇದನ್ನು ಓದುತ್ತಿರುವ ನಿಮ್ಮ ನೋಟ್‌ಬುಕ್ಕಿಗೆ ಹೆಸರಿದೆಯಾ? ಇವತ್ತು ಎದ್ದು ಬರುವಾಗ ಮುಚ್ಚಿ ಬಂದಿರಾ? ಇಲ್ಲ ತಾನೇ? ಹಾಗಾದರೆ ಸೋಮವಾರ ಬನ್ನಿ. ಫೋನ್ ಎತ್ತಿದವನೇ, ನೀನು ಮೊದಲು ಬಾ. ಆ ಮೂವರ ಎದುರು ನಿಂತು, ನಾವೂ ಹೆಸರಿಡಲ್ಲ, ನಾವೂ ಟವೆಲ್ ಹಾಕ್ತೀವಿ, ಅಕ್ಕ ಕೇಳಿಯೇ ಮುಚ್ಚಿದ್ಲು, ಅವಳ ಸಂಬಳ ಕೊಡಿ ಅಂತ ಬಾಯಿಬಿಟ್ಟು ಹೇಳಿ.