ಮುಖ ನೋಡುವ ಡಾಕ್ಟರು

ಡಾಕ್ಟರ್ ವೀರಭದ್ರಪ್ಪನವರ ಕೈ ರೋಗಿಯ ಹೊಟ್ಟೆಯನ್ನು ಒತ್ತುತ್ತಿದ್ದರೆ ಕಣ್ಣು ಮಾತ್ರ ಮುಖದ ಮೇಲೆಯೇ ಇರುತ್ತಿತ್ತು. "ಬಾಯಿ ಸುಳ್ಳು ಹೇಳ್ತೈತಿ, ಹುಬ್ಬು ಹೇಳಂಗಿಲ್ಲ" ಎನ್ನುತ್ತಿದ್ದರು. ಬಳ್ಳಾರಿಯ ಅವರ ಪುಟ್ಟ ನರ್ಸಿಂಗ್ ಹೋಮಿನಲ್ಲಿ ನಗು, ಬೈಗುಳ ಎರಡೂ ಧಾರಾಳ.

ಎಂಬತ್ತರ ದಶಕದ ಒಂದು ಬೇಸಿಗೆ. ತಂಗಿ ಗೌರಿಯನ್ನು ಕುರುಗೋಡಿನಿಂದ ಬಸ್ಸಿನಲ್ಲಿ ಕರೆತಂದಿದ್ದೆವು. ಹೊಟ್ಟೆಯ ಬಲಗಡೆ ನೋವು; ಮೊಣಕಾಲು ಮಡಚಿಕೊಂಡೇ ಮಲಗಿದ್ದಳು. ಡಾಕ್ಟರು, "ಅಪೆಂಡಿಕ್ಸು. ಇವತ್ತೇ ಕೊಯ್ದು ತೆಗೀಬೇಕು" ಎಂದರು.

ಅವ್ವ ಒಪ್ಪಲಿಲ್ಲ. ಗೌರಿಗೆ ಆಗಷ್ಟೇ ಗಂಡು ಗೊತ್ತಾಗಿತ್ತು. ಸಿರುಗುಪ್ಪದ ಕುಟುಂಬ ಯೋಜನೆ ಕ್ಯಾಂಪಿನಲ್ಲಿ ಇದೇ ಡಾಕ್ಟರು ಹೊಟ್ಟೆಯೊಳಗೆ ದುರ್ಬೀನಿನ ಕೊಳವೆ ಇಳಿಸಿ ನಮ್ಮ ಚಿಗವ್ವನಿಗೆ ಆಪರೇಷನ್ ಮಾಡಿದ್ದರು. ಹೊಕ್ಕಳ ಬಳಿ ಒಂದು ಸಣ್ಣ ತೂತು, ಸಂಜೆಗೆ ಮನೆ.

"ಇಕಿಗೂ ಹಂಗಽ ಮಾಡ್ರಿ ಸರ. ಹೊಟ್ಟಿ ಮ್ಯಾಲ ಗೀಟು ಬಿದ್ರ ಬೀಗರು ಏನಂತಾರ?"

"ಯವ್ವಾ, ಗರ್ಭನಾಳಕ್ಕ ಉಂಗುರ ಹಾಕಾಕ ಆ ತೂತು ಸಾಕು. ಹೊರದೇಶದಾಗ ಯಾರೋ ಅಪೆಂಡಿಕ್ಸನೂ ಹಂಗ ತಗದಾರಂತ ಓದೀನಿ. ನನಗ ಅದು ಬರಂಗಿಲ್ಲ. ಒಡದು ಕೀವು ಹರಡಿದ್ರ, ತೊಳಿಯಾಕ ನನ್ನ ಕೈ ಒಳಗ ಹೋಗಬೇಕು. ಬೀಗರಿಗೆ ಹುಡುಗಿ ಬೇಕೋ, ಬರೇ ಹೊಟ್ಟಿ ಬೇಕೋ ಕೇಳವ್ವ."

ಅಪ್ಪ ಬಂದಮೇಲೆ ನೋಡೋಣವೆಂದು ಅವ್ವ ಹಟ ಹಿಡಿದಳು. ಮಧ್ಯಾಹ್ನ ಗೌರಿ ಇದ್ದಕ್ಕಿದ್ದಂತೆ ಕಾಲು ಚಾಚಿ, "ಅವ್ವಾ, ನೋವು ಹೋತು" ಎಂದಳು. ಅವ್ವ ಊರಿನ ಬಸವಣ್ಣನಿಗೆ ಅಲ್ಲಿಂದಲೇ ಕೈಮುಗಿದು ಚಾದರ ಮಡಚತೊಡಗಿದಳು. ನಾನು ಮಂಚದ ಕೆಳಗಿಂದ ಗೌರಿಯ ಚಪ್ಪಲಿ ತೆಗೆದು ಜೋಡಿಸಿಟ್ಟೆ. ಆ ಚಪ್ಪಲಿಗಳು ಈಗಲೂ ನನ್ನ ಕನಸಿನಲ್ಲಿ ಬರುತ್ತವೆ.

ಡಾಕ್ಟರು ಬಾಗಿಲಲ್ಲಿ ನಿಂತರು. "ನೋವಿಲ್ರಿ" ಎಂದು ಗೌರಿ ನಕ್ಕಳು. ಅವರು ನಗಲಿಲ್ಲ. ಹೊಟ್ಟೆ ಮುಟ್ಟುವ ಮೊದಲೇ ಅವಳ ಬಿಳಚಿದ ತುಟಿ, ಹಣೆಯ ತಣ್ಣನೆಯ ಬೆವರು ನೋಡಿದ್ದರು.

"ಒಡದೈತಿ. ಒಡದಾಗ ಸ್ವಲ್ಪ ಹೊತ್ತು ನೋವು ಹೋಗತೈತಿ. ಅದನ್ನ ನಂಬಿ ಊರಿಗೆ ಹೋದವರು ತಿರುಗಿ ಬಂದಿಲ್ಲವ್ವ" ಎಂದು ಅವ್ವನ ಕೈಯಿಂದ ಚಾದರ ಕಿತ್ತುಕೊಂಡರು. ಅವ್ವ ಒಪ್ಪಿ ತಲೆಯಾಡಿಸಿದಳು. "ಎತ್ರಲೇ ಹುಡುಗಿನ!" ಎಂದು ಡಾಕ್ಟರು ಕೂಗಿದರು.

ಗೌರಿ ಉಳಿದಳು, ಅಂಗೈಯುದ್ದದ ಗೀಟಿನೊಂದಿಗೆ. ಮದುವೆಯೂ ಆಯಿತು.

ದಶಕ ಮುಗಿಯುವ ಹೊತ್ತಿಗೆ ಡಾಕ್ಟರೇ ಹಾಸಿಗೆ ಹಿಡಿದರು. ಅವರದೂ ಹೊಟ್ಟೆಯದೇ ರೋಗ. ನೋಡಲು ಹೋದಾಗ, "ಬರ್ರಿ ಬರ್ರಿ. ಮುಂಜಾನಿಂದ ನೋವಽ ಇಲ್ಲ ನೋಡ್ರಿ" ಎಂದರು. ಚಹಾ ತಂದ ಸೊಸೆಯ ಮುಖ ಅರಳಿತ್ತು.

ನಾನು ಅವರ ಮುಖ ನೋಡಿದೆ. ನೋಡುತ್ತಿರುವುದು ಅವರಿಗೆ ತಿಳಿಯಿತು. ಕಣ್ಣಲ್ಲೇ ಸೊಸೆಯನ್ನು ತೋರಿಸಿ, ಸುಮ್ಮನಿರಿ ಎಂಬಂತೆ ತಲೆಯಾಡಿಸಿದರು.

"ಚಾ ಕುಡೀರಿ, ಆರತೈತಿ."