ಬರ್ಮಾ ತಂಡದ ಏಳುಮಲೈ

ಚಿನ್ನದ ಗಣಿಯ ಸೈರನ್ನಿನ ಕೂಗು ಕೇಳಿ ಜನ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಕಾಲ ಅದು. ಗಡಿಯಾರ ಇದ್ದವರ ಮಾತಾಯಿತು. ಇಲ್ಲದ ನಮ್ಮಂಥವರು ಕೂಗನ್ನೇ ನಂಬಿ ಒಲೆ ಹಚ್ಚುತ್ತಿದ್ದೆವು, ಸ್ಕೂಲಿಗೆ ಹೊರಡುತ್ತಿದ್ದೆವು. ಮೈಸೂರು ಮೈನ್ಸಿನ ಲೈನಿನಲ್ಲಿ, ಅಂದರೆ ಗಣಿ ಕೆಲಸಗಾರರ ಸಾಲುಮನೆಗಳಲ್ಲಿ, ನಮ್ಮದು ಒಂದೇ ಕೋಣೆಯ ಮನೆ. ಬಿದಿರ ತಟ್ಟಿಯ ಗೋಡೆ, ಮೇಲೆ ತಗಡು. ಒಬ್ಬರ ಮನೆಯಲ್ಲಿ ಒಗ್ಗರಣೆ ಹಾಕಿದರೆ ನಾಲ್ಕು ಮನೆಯವರು ಸೀನುತ್ತಿದ್ದರು. ಬಂಗಾರಪೇಟೆ ಪಕ್ಕದ ಹಳ್ಳಿಯಲ್ಲಿದ್ದ ಚೂರು ಹೊಲವನ್ನು ಅಣ್ಣನಿಗೆ ಬಿಟ್ಟು ಗಣಿಗೆ ಇಳಿದವನು ನಮ್ಮಪ್ಪ. ಆ ಲೈನಿನಲ್ಲಿ ಕನ್ನಡದವರು ನಾವು ಎರಡೇ ಮನೆ, ಉಳಿದವರೆಲ್ಲ ತಮಿಳರು, ತೆಲುಗರು. ಯಾವ ಮಾತು ಯಾವ ಭಾಷೆಯದು ಅಂತ ನನಗೆ ತಿಳಿದದ್ದು ಸ್ಕೂಲಿನಲ್ಲಿ ಮೇಷ್ಟ್ರು ಬೈದ ಮೇಲೆ.

ಪಕ್ಕದ ಮನೆಯಲ್ಲಿ ಬರ್ಮಾ ಪಾಟಿ ಇದ್ದಳು. ಪಾಟಿ ಅಂದರೆ ತಮಿಳಿನಲ್ಲಿ ಅಜ್ಜಿ. ಕನ್ನಿಯಮ್ಮ ಅನ್ನುವ ಅವಳ ನಿಜವಾದ ಹೆಸರು ಯಾರ ಬಾಯಲ್ಲೂ ಇರಲಿಲ್ಲ. ಆರ್ಕಾಟಿನ ಕಡೆಯವಳು. ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ಹಡಗು ಹತ್ತಿ ರಂಗೂನಿಗೆ ಹೋಗಿ, ಅಲ್ಲಿ ಅಕ್ಕಿ ಗಿರಣಿಯ ಪಕ್ಕ ಇಪ್ಪತ್ತು ವರ್ಷ ಸಂಸಾರ ಮಾಡಿದ್ದಳು. ಎರಡನೆಯ ಮಹಾಯುದ್ಧದಲ್ಲಿ ಊರಿನ ಮೇಲೆ ಬಾಂಬು ಬಿದ್ದಾಗ ಸಾವಿರಾರು ಜನರ ಜೊತೆ ಅವರೂ ಇಂಡಿಯಾದ ಕಡೆಗೆ ಕಾಲ್ನಡಿಗೆಯಲ್ಲಿ ಹೊರಟರು. ಒಂದು ದೊಡ್ಡ ನದಿ ದಾಟುವಾಗ ದೋಣಿಗೆ ಜನ ಮುಗಿಬಿದ್ದರು. ಪಾಟಿ, ಗಂಡ, ಚಿಕ್ಕ ಮಗಳು ಹತ್ತಿದ್ದರು. ಹದಿನಾಲ್ಕು ವರ್ಷದ ಮಗ ಏಳುಮಲೈ ದಡದಲ್ಲೇ ಉಳಿದ. ಆ ದೋಣಿ ಮತ್ತೆ ಆ ದಡಕ್ಕೆ ಹೋಗಲಿಲ್ಲ. ಮುಂದೆ ಕಾಡಿನ ದಾರಿಯಲ್ಲಿ ಗಂಡ ವಾಂತಿಭೇದಿಯಾಗಿ ತೀರಿಕೊಂಡ. ಮಗಳ ಕೈ ಹಿಡಿದು ನಡೆದು ಬಂದ ಪಾಟಿ ಈಗ ಆ ಮಗಳು, ಅಳಿಯನ ಜೊತೆ ನಮ್ಮ ಲೈನಿನಲ್ಲಿದ್ದಳು.

ಇದನ್ನೆಲ್ಲ ಅವಳು ಅಕ್ಕಿ ಆರಿಸುತ್ತಾ ಯಾರದೋ ಮನೆಯ ಕಥೆ ಎಂಬಂತೆ ಹೇಳುತ್ತಿದ್ದಳು. ಮಗನ ಆಟದ ಮಾತು ಬಂದಾಗ ಮಾತ್ರ ಮೊರ ಕೆಳಗಿಡುತ್ತಿದ್ದಳು. "ಅಲ್ಲಿ ಬೆತ್ತದಲ್ಲಿ ಹೆಣೆದ ಚೆಂಡು ಇರ್ತದೆ ಕಣ್ಣು. ಕಾಲಲ್ಲೇ ಎತ್ತಿ ಎತ್ತಿ ಆಡೋದು, ಕೆಳಗೆ ಬೀಳಬಾರದು. ನಮ್ಮ ಏಳುಮಲೈ ಆಡಿದ್ರೆ ಗಿರಣಿ ದೊರೆ ಕಾರು ನಿಲ್ಲಿಸಿ ನೋಡೋನು." ನನ್ನನ್ನು ಅವಳು 'ಕಣ್ಣು' ಅಂತಲೇ ಕರೆಯುತ್ತಿದ್ದಳು.

ಐವತ್ತರ ದಶಕದ ನಡುವಿನ ಒಂದು ಚಳಿಗಾಲ. ನನಗೆ ಹನ್ನೊಂದು ವರ್ಷ. ಬೆಳಗಿನ ಮಂಜಿನಲ್ಲಿ, ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬಗಳು ಕಾಣುತ್ತಿರಲಿಲ್ಲ. ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿಗೆ ಹಳ್ಳಿಗಳಿಂದ ಗಾಡಿಗಟ್ಟಲೆ ಅವರೆಕಾಯಿ ಬರುತ್ತಿತ್ತು. ಅದರ ಸೊಗಡು ಕೈಗೆ ಅಂಟಿದರೆ ಸ್ಕೂಲಿನಲ್ಲಿ ಸ್ಲೇಟೂ ಅವರೆಕಾಯಿ ವಾಸನೆ ಬರುತ್ತಿತ್ತು. ಆ ಚಳಿಗಾಲ ನಮ್ಮಪ್ಪನಿಗೆ ಮಾತ್ರ ಫುಟ್‌ಬಾಲಿನ ಕಾಲ. ಇಂಡಿಯಾ, ಪಾಕಿಸ್ತಾನ, ಬರ್ಮಾ, ಸಿಲೋನು ಈ ನಾಲ್ಕು ದೇಶಗಳು ವರ್ಷಕ್ಕೊಮ್ಮೆ ಒಂದೊಂದು ಊರಿನಲ್ಲಿ ಸೇರಿ ಕಪ್ಪಿಗಾಗಿ ಆಡುತ್ತಿದ್ದವು. ಆ ಸಲ ಕಲ್ಕತ್ತಾದಲ್ಲಿ. ರಾಬರ್ಟ್‌ಸನ್‌ಪೇಟೆಯ ಒಂದು ಕಾಫಿ ಹೋಟೆಲಿನಲ್ಲಿ ರೇಡಿಯೋ ಇತ್ತು. ಅಲ್ಲಿ ಕೇಳುವುದೆಲ್ಲ ಇಂಗ್ಲಿಷು. ಅಪ್ಪನಿಗೆ ಇಂಗ್ಲಿಷು ಬಾರದು. ನನಗೆ ಸ್ಕೂಲಿನಲ್ಲಿ ಎರಡು ವರ್ಷದ ಇಂಗ್ಲಿಷು ಆಗಿತ್ತು.

"ರತ್ನ, ನೀನೂ ಬಾ. ಅವ್ನು ಏನ್ ಯೇಳ್ತಾನೋ ನಂಗೆ ಯೇಳಿವಂತೆ," ಅಂದ ಅಪ್ಪ.

ಇಂಡಿಯಾಕ್ಕೂ ಬರ್ಮಾಕ್ಕೂ ಆಟ ಅಂತ ಪಾಟಿಗೆ ಹೇಗೋ ತಿಳಿಯಿತು. ನಾನು ಜಡೆ ಹಾಕಿಸಿಕೊಳ್ಳುತ್ತಿದ್ದಾಗ ಬಂದು ಎದುರಿಗೆ ಕೂತಳು.

"ಕಣ್ಣು, ಆಡೋರ ಪೇರು ಎಲ್ಲಾ ರೇಡಿಯೋದಲ್ಲಿ ಹೇಳ್ತಾರಾ?"

"ಎಲ್ಲರ ಹೆಸರೂ ಹೇಳ್ತಾರೆ ಪಾಟಿ."

"ಬರ್ಮಾ ಕಡೆಯಲ್ಲಿ ನಮ್ಮ ಜನರ ಹುಡುಗರೂ ಆಡ್ತಾರಂತೆ. ಏಳುಮಲೈ ಅಂತ ಬರ್ತದಾ, ನೋಡಮ್ಮಾ. ಅವನಿಗೆ ಈಗ ಇಪ್ಪತ್ತಾರು."

ಅಮ್ಮ ಜಡೆ ಹೆಣೆಯುತ್ತಿದ್ದ ಕೈ ನಿಲ್ಲಿಸಿದಳು.

ಹೋಟೆಲಿನ ಮುಂದೆ ರಸ್ತೆಯವರೆಗೂ ಜನ. ಒಳಗೆ ಹಲಗೆಯ ಮೇಲೆ ರೇಡಿಯೋ, ಅದಕ್ಕೊಂದು ಹೂವಿನ ಹಾರ. ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕಿಟಕಿಗೆ ಒತ್ತಿ ನಿಂತ. ರೇಡಿಯೋದಲ್ಲಿ ಆಟದ ಸುದ್ದಿ ಹೇಳುವ ಮನುಷ್ಯ ಉಸಿರು ಬಿಡದೆ ಮಾತಾಡುತ್ತಿದ್ದ. ನಡುನಡುವೆ ಎಣ್ಣೆಯಲ್ಲಿ ನೀರು ಬಿದ್ದಂಥ ಚಟಪಟ ಸದ್ದು. ನನಗೆ ಸಿಕ್ಕಿದ್ದು ಬಾಲ್, ಲೆಫ್ಟ್, ರೈಟ್, ಗೋಲ್, ಇಷ್ಟೇ.

"ಏನಂತೆ?" ಅಂತ ಅಪ್ಪ ಕೆಳಗಿನಿಂದ ಕೇಳುವುದು.

"ಚೆಂಡು ಬಲಗಡೆ ಓಯ್ತಂತೆ."

"ಆಮೇಲೆ?"

"ಎಡಗಡೆ ಬಂತಂತೆ."

ಆ ದಿನ ಯಾರು ಎಷ್ಟು ಗೋಲು ಹೊಡೆದರೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಹೆಸರುಗಳನ್ನು ಮಾತ್ರ ಕೇಳುತ್ತಿದ್ದೆ. ಗಂಟೆ ಬಾರಿಸಿದ ಹಾಗೆ ಚಿಕ್ಕಚಿಕ್ಕ ಹೆಸರುಗಳು ಬಂದು ಹೋದವು. ಏಳುಮಲೈ ಬರಲಿಲ್ಲ. ಅದನ್ನು ಹೋಲುವುದೂ ಬರಲಿಲ್ಲ.

ನಾವು ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಪಾಟಿ ತಲೆಗೆ ಎಣ್ಣೆ ಹಚ್ಚಿ ಬಾಚಿ, ಪೊಂಗಲ್ಲಿಗೆ ಮಾತ್ರ ಉಡುವ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ಅಪ್ಪ ಕೈಕಾಲು ತೊಳೆಯಲು ನಲ್ಲಿಯ ಕಡೆ ಹೋದ.

"ಪೇರು ಬಂತಾಮ್ಮಾ?"

ಇಲ್ಲ ಅನ್ನಬೇಕು ಅಂತಲೇ ಬಾಯಿ ತೆರೆದೆ. ಆ ಸೀರೆ ನೋಡಿದೆ. "ಬಂತು ಪಾಟಿ," ಅಂದುಬಿಟ್ಟೆ. ಅಷ್ಟಕ್ಕೆ ಸುಮ್ಮನಿರಬಾರದಿತ್ತೇ? "ಎರಡು ಸಲ ಬಂತು. ಚೆನ್ನಾಗಿ ಓಡ್ತಾನಂತೆ," ಅಂತ ಸೇರಿಸಿದೆ.

ಪಾಟಿ ಅಲ್ಲೇ ಹೊಸ್ತಿಲ ಮೇಲೆ ಕೂತಳು. ನನ್ನ ಎರಡೂ ಕೈ ಹಿಡಿದು ಮುಖಕ್ಕೆ ಒತ್ತಿಕೊಂಡಳು. ಆಮೇಲೆ ಎದ್ದು ಲೈನಿನ ಆ ತುದಿಯಿಂದ ಈ ತುದಿಯವರೆಗೆ ಪ್ರತಿ ಬಾಗಿಲಲ್ಲೂ ನಿಂತು ಹೇಳಿದಳು. ಸಂಜೆಯೊಳಗೆ ಪ್ರತಿ ಮನೆಯಿಂದಲೂ ಹೆಂಗಸರು ಬಂದರು. ಯಾರೋ ಬೆಲ್ಲ ತಂದರು, ಯಾರೋ ಹೂವು ತಂದರು. ಅಪ್ಪನಿಗಂತೂ ಹೆಮ್ಮೆ. "ನಮ್ಮ ಹುಡುಗಿ ಇಂಗ್ಲಿಷ್ ಕಲ್ತಿದ್ದಕ್ಕೆ ಅಲ್ವಾ ತಿಳಿದಿದ್ದು!" ಅಂತ ಎಲ್ಲರಿಗೂ ಹೇಳಿದ. ನಾನು ಹೊಟ್ಟೆನೋವು ಅಂತ ಕಂಬಳಿ ಹೊದ್ದು ಮಲಗಿದೆ. ಅದೊಂದೇ ಅವತ್ತು ನಾನು ಹೇಳಿದ ನಿಜ.

ಕಪ್ಪು ಇಂಡಿಯಾಕ್ಕೇ ಬಂತು. ಅದು ಮುಗಿದು ನಾಲ್ಕಾರು ದಿನ ಕಳೆದಿರಬೇಕು, ಅಪ್ಪ ಹೋಟೆಲಿನಿಂದ ಇನ್ನೊಂದು ಸುದ್ದಿ ತಂದ. ಬರ್ಮಾದವರು ಊರಿಗೆ ವಾಪಸಾಗುವ ಮುಂಚೆ ಬೆಂಗಳೂರಿನಲ್ಲಿ ಸುಮ್ಮನೆ ಸ್ನೇಹಕ್ಕೆ ಒಂದು ಆಟ ಆಡುತ್ತಾರೆ. ಮದ್ರಾಸಿನಿಂದ ಹಗಲು ರೈಲಿನಲ್ಲಿ ಬರುತ್ತಾರೆ.

"ಅಂಗಾದ್ರೆ ಬಂಗಾರಪೇಟೆ ಮ್ಯಾಲೇ ಬರ್ಬೇಕು," ಅಂದಳು ಅಮ್ಮ. ನನ್ನ ಮಾತಿನ ಮೇಲೆ ಅವಳಿಗೆ ಅನುಮಾನವಿತ್ತೋ ಏನೋ, ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ತಟ್ಟಿಯ ಆಚೆ ಪಾಟಿ ಎಲ್ಲ ಕೇಳಿಸಿಕೊಂಡಿದ್ದಳು.

ಮಾರನೆಯ ದಿನ ನಮ್ಮ ಲೈನು ಮದುವೆ ಮನೆಯಾಯಿತು. ಏಳುಮಲೈಗೆ ಬೆಳಗಿನ ಹೊತ್ತು ಬೇಯಿಸಿದ ಕಾಳು ಬೇಕು, ಮೇಲೆ ಹುರಿದ ಈರುಳ್ಳಿ, ಬಿಸಿ ಎಣ್ಣೆ. ಅದು ರಂಗೂನಿನ ತಿಂಡಿ. ಆ ಕಾಳು ಇಲ್ಲಿ ಸಿಗುವುದಿಲ್ಲ, ಅದರ ಬದಲು ಹಿತಕಿದ ಅವರೆ ಮಾಡೋಣ ಅಂದಳು ಪಾಟಿ. ತಂಡದಲ್ಲಿ ಒಬ್ಬನಿಗೆ ಕೊಟ್ಟು ಉಳಿದವರ ಬಾಯಿ ನೋಡಲಾಗುತ್ತದೆಯೇ? ಎಲ್ಲರಿಗೂ ಆಗಬೇಕು. ನೆನೆಸಿದ ಅವರೆಕಾಳಿನ ಬೋಸಿಗಳ ಸುತ್ತ ಹೆಂಗಸರು, ಮಕ್ಕಳು, ರಾತ್ರಿ ಪಾಳಿ ಮುಗಿಸಿ ಬಂದ ಗಂಡಸರು ಕೂಡ ಬಿಸಿಲಿನಲ್ಲಿ ಕೂತು ಹಿತಕಿದರು. ಒಬ್ಬರು ಕಾಳನ್ನು ಒತ್ತಿದರೆ ಬೇಳೆ ಹಾರಿ ಇನ್ನೊಬ್ಬರ ಕೆನ್ನೆಗೆ ಬೀಳುವುದು, ನಗುವುದು. ತೆಲುಗಿನಲ್ಲೊಂದು ಹಾಡು, ತಮಿಳಿನಲ್ಲೊಂದು ಬೈಗುಳ. ನಾನೂ ಹಿತಕಿದೆ. ನನ್ನ ಬೆರಳುಗಳು ಸುಕ್ಕಾಗುವವರೆಗೂ ಹಿತಕಿದೆ. ಈ ರೈಲು ಹಳಿ ತಪ್ಪಿ ಬೇರೆ ಊರಿಗೆ ಹೋಗಲಿ ಅಂತ ದೇವರನ್ನು ಕೇಳಿಕೊಂಡೆ.

ಅವರು ಬರುವ ದಿನ ಪಾಟಿ, ಅಮ್ಮ, ನಾನು ಮಾರಿಕುಪ್ಪಂನಲ್ಲಿ ಬಂಗಾರಪೇಟೆಯ ರೈಲು ಹತ್ತಿದೆವು. ಪಾಟಿಯ ಮಡಿಲಲ್ಲಿ ಬಟ್ಟೆ ಸುತ್ತಿದ ದೊಡ್ಡ ಪಾತ್ರೆ, ನನ್ನ ಕೈಯಲ್ಲಿ ಮುತ್ತುಗದ ಎಲೆಯ ಕಟ್ಟು. ಇಂಜಿನ್ನಿನ ಹೊಗೆ, ಬಿಸಿ ಅವರೆಯ ಘಮ ಎರಡೂ ಸೇರಿ ನನಗೆ ತಲೆ ಸುತ್ತುತ್ತಿತ್ತು. ಊರ್ಗಾಂ ದಾಟಿದ ಮೇಲೆ ತಡೆಯಲಾರದೆ ಅಮ್ಮನ ಕಿವಿಯಲ್ಲಿ ನಿಜ ಹೇಳಿದೆ. ಅಮ್ಮ ನನ್ನ ತೊಡೆಯನ್ನು ಎಷ್ಟು ಜೋರಾಗಿ ಚಿವುಟಿದಳೆಂದರೆ ವಾರವಾದರೂ ಕಪ್ಪು ಹೋಗಲಿಲ್ಲ.

"ನೀನೇ ಯೇಳು. ನಾನ್ ಯೇಳಾಕಿಲ್ಲ. ರೈಲು ಬರಾಕ್ ಮುಂಚೆ ಯೇಳು. ಆ ಮುದುಕಿ ಅಷ್ಟು ಜನರ ಮುಂದೆ ಕೂಗಿ ಕೂಗಿ ಸಾಯ್ಬೇಕೇನೇ?"

ಬಂಗಾರಪೇಟೆಯ ಪ್ಲಾಟ್‌ಫಾರಂನಲ್ಲಿ ಬೇವಿನ ಮರದ ಕೆಳಗೆ ಪಾಟಿ ಪಾತ್ರೆ ಇಳಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು. ಸಿಗ್ನಲ್ಲು ಬಿದ್ದಿತ್ತು. ನಾನು ಅವಳ ಮುಂದೆ ನಿಂತೆ.

"ಪಾಟಿ, ರೇಡಿಯೋದಲ್ಲಿ ಪೇರು ಬರ್ಲಿಲ್ಲ. ನಾನು ಸುಳ್ಳು ಹೇಳಿದೆ."

ಅವಳಿಗೆ ಕೇಳಿಸಲಿಲ್ಲವೇನೋ ಅಂದುಕೊಂಡೆ. ಮತ್ತೆ ಹೇಳಲು ಹೋದೆ. ಕೈ ಎತ್ತಿ ತಡೆದಳು. ಹೊಡೆಯುತ್ತಾಳೆ ಅಂತ ಕಣ್ಣು ಮುಚ್ಚಿದೆ. ಹೊಡೆಯಲಿಲ್ಲ.

"ಒಂದು ಸಲವೂ ಬರ್ಲಿಲ್ವಾ?"

"ಇಲ್ಲ."

"ಬೇರೆ ಯಾರ ಪೇರಲ್ಲಿ ಹೇಳಿದ್ರೂ ಪರವಾಗಿಲ್ಲ. ಅವನ ಪೇರಲ್ಲಿ ಸುಳ್ಳು ಹೇಳಬಾರದಾಗಿತ್ತು ನೀನು."

ರೈಲು ಬಂತು. ಅಮ್ಮ ಪಾತ್ರೆಗೆ ಕೈ ಹಾಕಿ, "ನಡಿ ಪಾಟಿ, ಮನೆಗೆ ಓಗಾನ," ಅಂದಳು. ಪಾಟಿ ಅಲ್ಲಾಡಲಿಲ್ಲ. ಡಬ್ಬಿಗಳು ಒಂದೊಂದಾಗಿ ಎದುರಿಗೆ ಹಾದವು. ಒಂದರ ಕಿಟಕಿಗಳ ತುಂಬ ಒಂದೇ ಥರದ ಕೋಟು ಹಾಕಿದ ಹುಡುಗರು, ಅಗಲ ಕೆನ್ನೆಯ ನಗುಮುಖಗಳು. ಅವರು ಚಳಿಗೆ ಕೈ ಉಜ್ಜಿಕೊಳ್ಳುತ್ತಿದ್ದರು.

"ಬಂದದ್ದು ಬಂದಾಯ್ತು. ಆ ಮಕ್ಕಳು ಬೆಳಿಗ್ಗೆಯಿಂದ ಏನು ತಿಂದಿದ್ದಾರೋ," ಅಂದಳು ಪಾಟಿ. ಪಾತ್ರೆ ಎತ್ತಿಕೊಂಡು ನೇರ ಆ ಡಬ್ಬಿಗೆ ನಡೆದಳು.

ಕಿಟಕಿಯ ಕೆಳಗೆ ನಿಂತು ಅವಳು ಆಡಿದ ಮಾತು ನಮಗೆ ಯಾರಿಗೂ ಗೊತ್ತಿಲ್ಲದ ಮಾತು. ಅಷ್ಟು ವರ್ಷ ಪಕ್ಕದಲ್ಲಿದ್ದರೂ ಅವಳು ಬರ್ಮೀ ಭಾಷೆ ಆಡಿದ್ದನ್ನು ನಾನು ಕೇಳಿರಲಿಲ್ಲ. ದನಿಯೇ ಬೇರೆಯಾಗಿತ್ತು. ಹಗುರವಾಗಿ, ಮೂಗಿನಲ್ಲಿ, ಚಿಕ್ಕ ಹೆಂಗಸಿನ ದನಿ. ಒಬ್ಬ ಹುಡುಗ ಬೆಚ್ಚಿ ಎದ್ದುನಿಂತ. ಇನ್ನೊಬ್ಬ ಒಳಗಿದ್ದವರನ್ನೆಲ್ಲ ಕೂಗಿ ಕರೆದ. ಐದಾರು ಜನ ಧಡಧಡ ಕೆಳಗಿಳಿದು ಅವಳನ್ನು ಸುತ್ತುವರಿದರು. ಸೀರೆ ಉಟ್ಟ ಕಪ್ಪು ಮುದುಕಿಯೊಬ್ಬಳು ಈ ಊರಿನಲ್ಲಿ ತಮ್ಮ ಮನೆಯ ಮಾತು ಆಡುತ್ತಾಳೆಂದು ಅವರಿಗೆ ನಂಬಲಾಗಲಿಲ್ಲ. ನಾನು ಎಲೆ ಹಿಡಿದೆ, ಪಾಟಿ ಬಡಿಸಿದಳು. ಅವರು ನಿಂತುಕೊಂಡೇ ಬೆರಳು ನೆಕ್ಕಿಕೊಂಡು ತಿಂದರು. ಒಬ್ಬ ಎರಡನೆಯ ಸಲ ಎಲೆ ಚಾಚಿದಾಗ ಪಾಟಿ ಅವನ ತಲೆಗೆ ಮೆಲ್ಲಗೆ ಮೊಟಕಿದಳು. ಅವನು ನಕ್ಕ. ಆಮೇಲೆ ಏಕೋ ಮುಖ ಆ ಕಡೆ ತಿರುಗಿಸಿಕೊಂಡ.

ಕೊನೆಯಲ್ಲಿ ಅವಳು ಕೇಳಿದಳು. ಆ ಮಾತುಗಳ ನಡುವೆ ಏಳುಮಲೈ ಅನ್ನುವುದೊಂದು ನನಗೆ ಅರ್ಥವಾಯಿತು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆ ಅಲ್ಲಾಡಿಸಿದರು. ಎತ್ತರದ ಹುಡುಗನೊಬ್ಬ ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಹೆಸರು, ಬೀದಿ, ಗಿರಣಿ ಎಲ್ಲ ಬರೆದುಕೊಂಡ. ನಮ್ಮ ಅಕ್ಷರದ ಹಾಗೆಯೇ ಗುಂಡುಗುಂಡಾದ ಅಕ್ಷರ. ಗಾರ್ಡು ಸೀಟಿ ಊದಿದ. ಹತ್ತುವ ಮುಂಚೆ ಆ ಹುಡುಗರೆಲ್ಲ ಪ್ಲಾಟ್‌ಫಾರಂನ ಧೂಳಿನಲ್ಲೇ ಮಂಡಿಯೂರಿ, ಕೈಜೋಡಿಸಿ, ಅವಳಿಗೆ ತಲೆಬಾಗಿದರು. ಸ್ಟೇಷನ್ನಿನವರೆಲ್ಲ ನಿಂತು ನೋಡಿದರು.

ಪಾಟಿ ಹತ್ತು ದಿನ ನನ್ನನ್ನು ಮಾತಾಡಿಸಲಿಲ್ಲ. ಲೈನಿನವರಿಗೆ, "ಅವನು ಈ ಸಲ ಬಂದಿಲ್ಲ," ಅಂತಷ್ಟೇ ಹೇಳಿದಳು. ನನ್ನ ಸುಳ್ಳಿನ ಸುದ್ದಿ ಹೊರಗೆ ಬರಲಿಲ್ಲ. ಹನ್ನೊಂದನೆಯ ದಿನ ನಾನು ಸ್ಕೂಲಿನಿಂದ ಬರುವಾಗ ಬಾಗಿಲಲ್ಲಿ ಕೂತಿದ್ದವಳು, "ಕಣ್ಣು, ಸೂಜಿಗೆ ದಾರ ಹಾಕಿಕೊಡು," ಅಂದಳು. ನಾನು ಅಲ್ಲೇ ನಿಂತು ಅತ್ತುಬಿಟ್ಟೆ. "ಅಳೋದು ಆಮೇಲೆ. ದಾರ ಹಾಕು," ಅಂದಳು.

ರಂಗೂನಿನಿಂದ ಯಾವ ಕಾಗದವೂ ಬರಲಿಲ್ಲ. ಮಾರನೆಯ ವರ್ಷ ಪಂದ್ಯ ಢಾಕಾದಲ್ಲಿ. ಅಪ್ಪನ ಜೊತೆ ನಾನು ಮತ್ತೆ ಹೋಟೆಲಿಗೆ ಹೊರಟಾಗ ಪಾಟಿಯೇ ಕರೆದು ಹೇಳಿದಳು. "ಕೇಳಿಕೊಂಡು ಬಾ. ಬಂದ್ರೆ ಬಂತು ಅನ್ನು, ಬರ್ಲಿಲ್ಲ ಅಂದ್ರೆ ಬರ್ಲಿಲ್ಲ ಅನ್ನು."

ಸಂಜೆ ಬಂದು, "ಬರ್ಲಿಲ್ಲ ಪಾಟಿ," ಅಂದೆ.

"ಸರಿ. ಕೈ ತೊಳ್ಕೊಂಡು ಬಾ, ತಿನ್ನು," ಅಂದಳು.

ಅದಾದ ಮೇಲೆ ಆ ಪಂದ್ಯಾವಳಿಯೇ ನಿಂತುಹೋಯಿತು. ಅರವತ್ತರ ದಶಕದಲ್ಲಿ ನಾನು ಮದುವೆಯಾಗಿ ಲೈನು ಬಿಟ್ಟೆ. ಎರಡು ವರ್ಷದ ಮೇಲೆ ಪಾಟಿ ತೀರಿಕೊಂಡಳು. ಗಣಿ ಮುಚ್ಚಿದ ಮೇಲೆ ಅವಳ ಮಗಳ ಸಂಸಾರ ಎಲ್ಲಿಗೆ ಹೋಯಿತೋ ತಿಳಿಯದು. ಹೋದ ವರ್ಷ ಮೈಸೂರು ಮೈನ್ಸಿಗೆ ಹೋಗಿದ್ದೆ. ನಮ್ಮ ಲೈನಿನ ಅರ್ಧ ಬಿದ್ದುಹೋಗಿದೆ, ಉಳಿದರ್ಧದಲ್ಲಿ ಇರುವವರು ನನಗೆ ಗೊತ್ತಿಲ್ಲ. ಅವರಲ್ಲಿ ಬಹಳ ಮಂದಿ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುತ್ತಾರಂತೆ. ಕಾಣದ ಒಬ್ಬ ಹುಡುಗನಿಗೋಸ್ಕರ ಇಡೀ ಲೈನು ಕೆಲಸ ಬಿಟ್ಟು ಬಿಸಿಲಲ್ಲಿ ಕೂತಿತ್ತು ಅಂತ ಯಾರಿಗೆ ಹೇಳಲಿ?

ಏಳುಮಲೈ ಎಲ್ಲಾದರೂ ಬದುಕಿದ್ದರೆ ನೂರರ ಹತ್ತಿರ ಇರಬೇಕು. ಅವನನ್ನು ಹೆತ್ತವಳಿಲ್ಲ, ಅವನಿಗಾಗಿ ಅವರೆ ಹಿತಕಿದವರಿಲ್ಲ, ಅವನ ಹೆಸರು ಬರೆದುಕೊಂಡ ಹುಡುಗ ಏನಾದನೋ ಗೊತ್ತಿಲ್ಲ. ಅವನನ್ನು ಒಮ್ಮೆಯೂ ನೋಡದ ನಾನೊಬ್ಬಳು ಮಾತ್ರ ಅವನ ಹೆಸರು ಬಲ್ಲವಳಾಗಿ ಉಳಿದಿದ್ದೇನೆ.